ಟಕಟಕ ನಿಂತರೆ ಏನು ಹೋಯಿತು?

ಅರಸೀಕೆರೆ ಕಡೆಯ ಹಿರಿಯ ಓದುಗರೊಬ್ಬರ ಪತ್ರ: ಹಳಿ ಪಕ್ಕದ ಮನೆ, ಚಿಕ್ಕಂದಿನಿಂದ ರೈಲಿನ ಹುಚ್ಚು. ಸಂದುಗಳಿದ್ದ ಹಳಿ ಬದಲಾಯಿಸಿ ಬೆಸುಗೆಯ ಹಳಿ ಹಾಕಿದ ಮೇಲೆ ರೈಲಿನ ಟಕಟಕ ನಿಂತು ರಾತ್ರಿಗಳು ಬಿಕೋ ಎನ್ನುತ್ತವೆ. ಮಗ ನಗುತ್ತಾನಂತೆ. ಉಳಿದ ಸಂದುಗಳನ್ನು ಹುಡುಕಿ ಸಂಜೆ ಹಳಿ ಮೇಲೆ ನಡೆಯುತ್ತಾರಂತೆ. ‘ಇದು ಅರಳುಮರಳೇ?’ ಎಂದು ಕೇಳಿದ್ದಾರೆ.

ಖಂಡಿತ ಅಲ್ಲ ಸ್ವಾಮಿ. ಮಗನ ಪರವಾದ ಮಾತನ್ನು ಮೊದಲೇ ಹೇಳಿ ಮುಗಿಸುತ್ತೇವೆ. ಬ್ರಾಡ್‌ಗೇಜಿನ, ಅಂದರೆ ಅಗಲ ದಾರಿಯ, 13 ಮೀಟರಿನ ಹಳಿಗಳನ್ನು ಫಿಷ್‌ಪ್ಲೇಟ್ ಎಂಬ ನಾಲ್ಕು ಬೋಲ್ಟಿನ ಉಕ್ಕಿನ ಪಟ್ಟಿಯಿಂದ ಜೋಡಿಸಿ ನಡುವೆ ಸಂದು ಬಿಡುತ್ತಿದ್ದರು, ಏಕೆಂದರೆ ಕಾವು 40 ಡಿಗ್ರಿಯಷ್ಟು ಹೆಚ್ಚಿದರೆ ಅಷ್ಟುದ್ದದ ಹಳಿ ಸುಮಾರು 6 ಮಿಲಿಮೀಟರ್ ಹಿಗ್ಗುತ್ತದೆ. ಚಕ್ರ ಬಡಿದು ಬಡಿದು ಹಳಿಯ ತುದಿ ಜಜ್ಜುತ್ತಿತ್ತು, ಕೆಳಗಿನ ಜಲ್ಲಿ ಪುಡಿಯಾಗಿ ಮಳೆಗಾಲದಲ್ಲಿ ಕೆಸರು ಉಕ್ಕುತ್ತಿತ್ತು, ಬೋಲ್ಟಿನ ತೂತಿನಿಂದ ಬಿರುಕು ಹೊರಡುತ್ತಿತ್ತು. ಬೆಸುಗೆ ಹಾಕಿದ ಹಳಿಯಲ್ಲಿ ಈ ಕಾಟವಿಲ್ಲ. ಒಪ್ಪಿದೆವು.

ಆದರೆ ಆ ಸದ್ದು ಬರೀ ಗದ್ದಲವಾಗಿರಲಿಲ್ಲ, ಲೆಕ್ಕವಾಗಿತ್ತು. ರೈಲಿನೊಳಗೆ ಕೂತು 47 ಸೆಕೆಂಡಿನಲ್ಲಿ ಎಷ್ಟು ಸಂದು ದಾಟಿತೆಂದು ಎಣಿಸಿದರೆ ಗಂಟೆಗೆ ಅಷ್ಟೇ ಕಿಲೋಮೀಟರ್ ವೇಗ. 12 ಮೀಟರ್ ಹಳಿಯ ಮೀಟರ್‌ಗೇಜಿಗೆ, ಅಂದರೆ ಕಿರಿದಾದ ದಾರಿಗೆ, 43 ಸೆಕೆಂಡ್. ನಿಮ್ಮಂತೆ ಹಳಿ ಪಕ್ಕದಲ್ಲಿದ್ದವರಿಗೆ ಲೆಕ್ಕ ಬೇರೆ: ಒಂದೇ ಸಂದಿನ ಮೇಲೆ ಮುಂದಿನ ಬೋಗಿಯ ಹಿಂಬದಿಯ ಎರಡು ಜೋಡಿ ಚಕ್ರ, ಹಿಂದಿನ ಬೋಗಿಯ ಮುಂಬದಿಯ ಎರಡು ಜೋಡಿ ಸೇರಿ ನಾಲ್ಕು ಬಡಿತ, ಆಮೇಲೆ ಬಿಡುವು. ಹಳೆಯ ನೀಲಿ ಬೋಗಿ ಸುಮಾರು 22.3 ಮೀಟರ್. ಬೋಗಿಗಳ ಸಂಖ್ಯೆಯನ್ನು 80ರಿಂದ ಗುಣಿಸಿ, ರೈಲು ದಾಟಲು ಹಿಡಿದ ಸೆಕೆಂಡುಗಳಿಂದ ಭಾಗಿಸಿ. 20 ಬೋಗಿ 20 ಸೆಕೆಂಡಿನಲ್ಲಿ ಹೋದರೆ ವೇಗ ಗಂಟೆಗೆ 80 ಕಿಲೋಮೀಟರ್. ಇಷ್ಟು ಗೊತ್ತಿದ್ದವರಿಗೆ ಇನ್ನೊಂದೂ ತಿಳಿಯುತ್ತಿತ್ತು: ಬಡಿತ ಒಂದೇ ಜಾಗದಲ್ಲಿ ಕೇಳಿದರೆ ಹಳಿಯದು, ರೈಲಿನ ಜೊತೆಗೇ ಓಡಿದರೆ ಬ್ರೇಕ್ ಹಿಡಿದುಕೊಂಡು ಜಾರಿ ಚಪ್ಪಟೆಯಾದ ಚಕ್ರದ್ದು. ಈ ಎರಡನೆಯದು ಬೆಸುಗೆ ಹಳಿಯ ಮೇಲೂ ಕೇಳುತ್ತದೆ, ಕಿವಿ ಕೊಡಿ.

ಕೊಡುವ ಕಿವಿಗಳೇ ಕಡಿಮೆಯಾಗಿವೆ. ಹೊಸ ಎ.ಸಿ. ರೈಲಿನ ಕಿಟಕಿ ತೆರೆಯುವುದಿಲ್ಲ. ಗಾಡಿ ಎಲ್ಲಿದೆ ಎಂಬುದನ್ನು ಮೊಬೈಲಿನ ಚುಕ್ಕೆ ಹೇಳುತ್ತದೆ. ಸುತ್ತಿಗೆ, ಸ್ಪ್ಯಾನರ್ ಹೊತ್ತು ದಿನವೂ ಹಳಿಗುಂಟ ನಡೆಯುವ ಕೀಮನ್ ಯಾರೆಂದು ಒಳಗೆ ಕೂತವರಲ್ಲಿ ಎಷ್ಟು ಜನಕ್ಕೆ ಗೊತ್ತು? ಹಳಿ ಮುರಿದದ್ದು ಕಂಡರೆ ಬ್ರಾಡ್‌ಗೇಜಿನಲ್ಲಿ 600 ಮೀಟರಿನಾಚೆ ಒಂದು, 1200 ಮೀಟರಿನಾಚೆ ಹತ್ತತ್ತು ಮೀಟರ್ ಅಂತರದಲ್ಲಿ ಮೂರು ಪಟಾಕಿಗಳನ್ನು (ಚಕ್ರ ಹತ್ತಿದರೆ ಸಿಡಿದು ಚಾಲಕನನ್ನು ಎಚ್ಚರಿಸುವಂಥವು) ಹಳಿಗೆ ಕಟ್ಟಿ ರೈಲು ನಿಲ್ಲಿಸಬೇಕಾದವನು ಅವನೇ. ಬೆಸುಗೆ ಹಳಿಗೂ ಅವನು ಬೇಕು: ಉರಿಬಿಸಿಲಿಗೆ ಅದು ಸೊಟ್ಟಗಾಗುತ್ತದೆ, ಚಳಿಗೆ ಸೀಳುತ್ತದೆ. ವೇಗದ ಬಗ್ಗೆ ಪುಟಗಟ್ಟಲೆ ಜಾಹೀರಾತು ಬರುತ್ತದೆ, ಅವನ ಬಗ್ಗೆ ಒಂದು ಸಾಲಿಲ್ಲ.

ನಿಮಗೊಂದು ಗದರಿಕೆ. ಹಳಿ ಮೇಲೆ ನಡೆಯಬೇಡಿ. ರೈಲ್ವೆ ಕಾಯ್ದೆಯ 147ನೇ ಕಲಮಿನಡಿ ಅದು ಅಪರಾಧ, ಸದ್ದಿಲ್ಲದ ಹಳಿಯ ಮೇಲೆ ರೈಲು ಬೆನ್ನ ಹಿಂದೆ ಬಂದದ್ದೂ ತಿಳಿಯುವುದಿಲ್ಲ. ಪ್ಲಾಟ್‌ಫಾರ್ಮಿನ ತುದಿಯ ಬೆಂಚಿನಲ್ಲಿ ಕೂತರೆ ಸಾಕು. ಹಳಿ ಕವಲೊಡೆಯುವ ಪಾಯಿಂಟುಗಳಲ್ಲಿ, ಹಳಿಯ ಮೇಲೆ ರೈಲಿದೆಯೇ ಎಂದು ವಿದ್ಯುತ್ತಿನಿಂದ ತಿಳಿಯುವ ಟ್ರ್ಯಾಕ್ ಸರ್ಕ್ಯೂಟಿಗಾಗಿ ವಿದ್ಯುತ್ ತಡೆಯುವ ತುಂಡಿಟ್ಟ ಸಂದುಗಳಲ್ಲಿ ಆ ಬಡಿತ ಇನ್ನೂ ಉಳಿದಿದೆ. ಚಕ್ರದ ಅಚ್ಚುಗಳನ್ನು ಎಣಿಸಿ ಅದೇ ಕೆಲಸ ಮಾಡುವ ಆಕ್ಸಲ್ ಕೌಂಟರ್ ಹಾಕಿದ ಕಡೆ ಆ ಸಂದುಗಳೂ ಬೇಕಾಗುವುದಿಲ್ಲ. ಹೋಗುವುದಿದ್ದರೆ ಬೇಗ ಹೋಗಿ, ಮಗನನ್ನೂ ಕರೆದುಕೊಂಡು.

– ಸಂ.