ಹಲ್ಲಿನ ಭೇದಿ ಎಂದು ಕಾಯಬೇಡಿ

ಪ್ರಶ್ನೆ: ನಮ್ಮ ಮಗಳಿಗೆ 14 ತಿಂಗಳು. ಹೋದ ತಿಂಗಳು ಎರಡು ದಿನ ನೀರಿನಂತೆ ಭೇದಿ, ಜೊತೆಗೆ ವಾಂತಿ. ಹಲ್ಲು ಬರುವಾಗ ಹೀಗೇ ಎಂದು ಅತ್ತೆಯವರು ಹೇಳಿದ್ದಕ್ಕೆ ಹಾಲು, ಅನ್ನ ನಿಲ್ಲಿಸಿದೆವು. ಓಆರ್‌ಎಸ್ ಕುಡಿಸಿದರೆ ಕಕ್ಕುತ್ತಿದ್ದಳು. ಮೈಯಲ್ಲಿ ನೀರು ಕಡಿಮೆಯಾಗಿದ್ದು ಮನೆಯಲ್ಲೇ ಗೊತ್ತಾಗುವುದು ಹೇಗೆ?
– ಒಬ್ಬ ತಾಯಿ, ಜಗಳೂರು

ಉತ್ತರ: ಹಲ್ಲು ಮೂಡಿದ್ದರಿಂದ ನೀರಿನಂಥ ಭೇದಿ ಆಗುವುದಿಲ್ಲ. ಆ ವಯಸ್ಸಿನಲ್ಲಿ ಮಗು ನೆಲದ ಮೇಲೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತದೆ. ಸೋಂಕು ಹೊಟ್ಟೆ ಸೇರುವುದು ಹಾಗೆ.

ಭೇದಿ ಎಷ್ಟು ಸಲ ಆಯಿತು ಎಂದು ಎಲ್ಲರೂ ಎಣಿಸುತ್ತಾರೆ. ಮೂತ್ರವನ್ನೂ ಎಣಿಸಿ. ಆರು ತಾಸು ಮೂತ್ರ ಬರದಿದ್ದರೆ, ಕಣ್ಣು ಗುಳಿಬಿದ್ದರೆ, ಅಳುವಾಗ ಕಣ್ಣೀರಿಲ್ಲದಿದ್ದರೆ, ಲೋಟ ಕಂಡೊಡನೆ ಆತುರದಿಂದ ಕುಡಿದರೆ ನಿರ್ಜಲೀಕರಣ ಶುರುವಾಗಿದೆ. ಹೊಕ್ಕುಳದ ಪಕ್ಕದ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಡಿ, ಅದು ತಕ್ಷಣ ಇಳಿಯಬೇಕು. ಎರಡು ಸೆಕೆಂಡಿಗಿಂತ ಹೆಚ್ಚು ನಿಂತರೆ ಸ್ಥಿತಿ ತೀವ್ರ. ಆದರೆ ದುಂಡಗಿನ ಮಗುವಿನಲ್ಲಿ ನೀರು ಕಡಿಮೆಯಿದ್ದರೂ ಚರ್ಮ ಬೇಗ ಇಳಿಯುತ್ತದೆ, ತೀರಾ ಬಡಕಲು ಮಗುವಿನಲ್ಲಿ ನೀರಿದ್ದರೂ ತಡವಾಗುತ್ತದೆ. ಇದೊಂದನ್ನೇ ನಂಬಬೇಡಿ.

ಓಆರ್‌ಎಸ್ ಕಕ್ಕುವುದು ಹೆಚ್ಚಾಗಿ ಗಟಗಟನೆ ಕುಡಿಸುವುದರಿಂದ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು, ಒಂದೆರಡು ನಿಮಿಷಕ್ಕೊಂದು ಚಮಚದಂತೆ ಕೊಡಿ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿ.ಲೀ. ಬೇಕು. ದೊಡ್ಡ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೇ ಹಾಕಿ. ಲೋಟಕ್ಕೆ ಅಂದಾಜಿನಲ್ಲಿ ಉದುರಿಸಿದರೆ ಉಪ್ಪು ಹೆಚ್ಚಾಗಿ ಅಪಾಯ. 24 ತಾಸಾದ ಮೇಲೆ ಉಳಿದದ್ದನ್ನು ಚೆಲ್ಲಿ. ಅಂಗಡಿಯ ಸಿಹಿ ಜ್ಯೂಸ್ ಇದಕ್ಕೆ ಬದಲಿಯಲ್ಲ. ಹೆಚ್ಚಿನ ಸಕ್ಕರೆ ಕರುಳಿಗೆ ನೀರೆಳೆದು ಭೇದಿಯನ್ನೇ ಹೆಚ್ಚಿಸುತ್ತದೆ.

ಅತ್ತೆಯವರ ಕಾಳಜಿ ದೊಡ್ಡದು, ಆದರೆ ಊಟ ನಿಲ್ಲಿಸಬಾರದಿತ್ತು. ಎದೆಹಾಲು, ಮೆತ್ತಗಿನ ಮೊಸರನ್ನ, ಬಾಳೆಹಣ್ಣು, ರಾಗಿ ಸರಿ ಸ್ವಲ್ಪ ಸ್ವಲ್ಪವಾಗಿ ಕೊಡುತ್ತಿರಿ. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿ.ಗ್ರಾಂ. ಜಿಂಕ್ 14 ದಿನ ಕೊಡಬೇಕು. ಭೇದಿ ನಿಂತಿತೆಂದು ಮಧ್ಯದಲ್ಲಿ ಬಿಡಬೇಡಿ. ಓಆರ್‌ಎಸ್ ಪೊಟ್ಟಣ ಮತ್ತು ಜಿಂಕ್ ಮಾತ್ರೆಗೆ ಆಶಾ ಕಾರ್ಯಕರ್ತೆಯನ್ನು ಕೇಳಿ. ದೊಡ್ಡವರ ಭೇದಿ ನಿಲ್ಲಿಸುವ ಮಾತ್ರೆಯನ್ನು ಮಾತ್ರ ಮುಟ್ಟಬೇಡಿ, ಅದು ಮಗುವಿನ ಕರುಳಿನ ಚಲನೆಯನ್ನೇ ನಿಲ್ಲಿಸಬಹುದು.

ಮಗು ಮಂಕಾಗಿ ಎಚ್ಚರವಾಗದಿದ್ದರೆ, ಕುಡಿಯಲಾರದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಮಲದಲ್ಲಿ ರಕ್ತ ಅಥವಾ ವಾಂತಿಯಲ್ಲಿ ಹಸಿರು ಕಂಡರೆ ಬೆಳಗಾಗಲಿ ಎನ್ನಬೇಡಿ. 108ಕ್ಕೆ ಕರೆ ಮಾಡಿ. ತಾಲ್ಲೂಕು ಆಸ್ಪತ್ರೆಗೋ ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆಗೋ ಹೊರಡಿ. ಮಗು ನುಂಗುವಂತಿದ್ದರೆ ದಾರಿಯುದ್ದಕ್ಕೂ ಚಮಚದಲ್ಲಿ ಓಆರ್‌ಎಸ್ ಕೊಡುತ್ತಲೇ ಇರಿ.