ರೇಡಾರ್ ಡಿಟೆಕ್ಟರ್‌ಗೆ ಕರೆಂಟ್ ಎಲ್ಲಿಂದ ಎಳೆಯೋದು?

ಈ ಸಲ ಬಂದ ಪತ್ರಗಳಲ್ಲಿ ಕಾರಿನ ವೈರಿಂಗ್ ಬಗ್ಗೆಯೇ ಜಾಸ್ತಿ. ಅದರಲ್ಲೂ ಅಮೆರಿಕದಿಂದ ಬಂದ ಒಂದು ಪತ್ರಕ್ಕೆ ಉದ್ದದ ಉತ್ತರ ಬೇಕಿತ್ತು, ಹಾಗಾಗಿ ಅದನ್ನೇ ಮೊದಲು ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಸರ್, ನಾನು ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇನೆ. ಟೊಯೋಟಾ ಕ್ಯಾಮ್ರಿ ಇದೆ. ಹೊಸದಾಗಿ ರೇಡಾರ್ ಡಿಟೆಕ್ಟರ್ (ಪೊಲೀಸರ ವೇಗ ಅಳೆಯುವ ರೇಡಾರ್ ಹತ್ತಿರವಿದ್ದರೆ ಕೂಗಿ ಎಚ್ಚರಿಸುವ ಸಾಧನ) ತೆಗೆದುಕೊಂಡೆ. ಅದರ ಸುರುಳಿ ವೈರ್ ಲೈಟರ್ ಸಾಕೆಟ್‌ನಿಂದ ಗಾಜಿನವರೆಗೆ ನೇತಾಡುತ್ತದೆ, ಗೇರ್ ಹಾಕುವಾಗ ಕೈಗೆ ಸಿಕ್ಕಿಕೊಳ್ಳುತ್ತದೆ. ಒಳಗಿಂದ ವೈರ್ ಎಳೆಯಲು ಅಂಗಡಿಯವರು ಕೇಳುವ ದುಡ್ಡು ಜಾಸ್ತಿಯಾಯಿತು. ನಾನೇ ಮಾಡಬಹುದಾ? ಏರ್‌ಬ್ಯಾಗ್ ಭಯ ಒಂದಿದೆ.

ಉತ್ತರ: ಮಾಡಬಹುದು. ಡಿಟೆಕ್ಟರ್ ಎಳೆಯುವ ಕರೆಂಟ್ ತೀರಾ ಕಮ್ಮಿ, ಕಾಲು ಆಂಪ್ ಆಸುಪಾಸು. ಕೆಲಸವೇನೂ ಕಷ್ಟವಿಲ್ಲ, ಕರೆಂಟನ್ನು ಯಾವ ಫ್ಯೂಸಿನಿಂದ ತೆಗೆಯಬೇಕು ಎನ್ನುವುದರಲ್ಲೇ ಜನ ಎಡವುವುದು.

ಮೊದಲು ಸಾಮಾನು. ಹೆಚ್ಚಿನ ಡಿಟೆಕ್ಟರ್‌ಗಳ ವೈರಿನ ತುದಿಯಲ್ಲಿ ಹಳೇ ಲ್ಯಾಂಡ್‌ಲೈನ್ ಫೋನಿನ ಪಿನ್ ಥರದ್ದೇ ಆರ್‌ಜೆ 11 ಪಿನ್ ಇರುತ್ತದೆ. ಅದೇ ಕಂಪನಿಯ ನೇರ ವೈರಿಂಗ್ ಕಿಟ್ ತೆಗೆದುಕೊಳ್ಳಿ, ಫೋನ್ ವೈರ್ ಕತ್ತರಿಸಿ ಜೋಡಿಸುವ ಸಾಹಸ ಬೇಡ, ಒಳಗಿನ ತಂತಿಗಳ ಕ್ರಮ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಜೊತೆಗೆ ಒಂದು ಫ್ಯೂಸ್ ಟ್ಯಾಪ್ (ಕಾರಿನ ಫ್ಯೂಸಿನ ಜಾಗದಲ್ಲಿ ಕೂತು ಹೊಸ ವೈರಿಗೂ ಕರೆಂಟ್ ಕೊಡುವ ಪುಟ್ಟ ಸಾಮಾನು), 2 ಅಥವಾ 3 ಆಂಪಿನ ಫ್ಯೂಸ್, ವೋಲ್ಟ್ ಅಳೆಯುವ ಒಂದು ಮಲ್ಟಿಮೀಟರ್. ಮಲ್ಟಿಮೀಟರ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಬಲ್ಬಿನ ಟೆಸ್ಟ್ ಲ್ಯಾಂಪ್ ಹಿಡಿದು ಸಿಕ್ಕ ವೈರಿಗೆಲ್ಲ ಚುಚ್ಚುವ ಅಭ್ಯಾಸ ಹಳೇ ಗಾಡಿಗಳ ಕಾಲದ್ದು. ಈಗಿನ ಕಾರಿನಲ್ಲಿ ಅದು ಏರ್‌ಬ್ಯಾಗಿನ ವೈರಿಗೆ ತಗುಲಿದರೆ ಕಥೆ ಬೇರೆ.

ಫ್ಯೂಸ್ ಬಾಕ್ಸ್ ಡ್ರೈವರ್ ಕಾಲಿನ ಹತ್ತಿರ ಡ್ಯಾಶ್‌ಬೋರ್ಡಿನ ಕೆಳಗೆ ಇರುತ್ತದೆ. ಕಾರಿನ ಪುಸ್ತಕದಲ್ಲಿ ಯಾವ ಫ್ಯೂಸ್ ಯಾವುದಕ್ಕೆ ಅಂತ ಪಟ್ಟಿ ಇದೆ. ಏರ್‌ಬ್ಯಾಗ್, ಎಬಿಎಸ್, ಎಂಜಿನ್ ಕಂಪ್ಯೂಟರ್, ಫ್ಯೂಯೆಲ್ ಪಂಪ್, ಸ್ಟೇರಿಂಗ್ ಇವುಗಳ ಫ್ಯೂಸ್ ಮುಟ್ಟಬೇಡಿ. ಲೈಟರ್ ಸಾಕೆಟ್, ಸನ್‌ರೂಫ್ ಇಂಥದ್ದು ಹುಡುಕಿ, ಕೆಟ್ಟರೂ ದಾರಿಯಲ್ಲಿ ಪ್ರಾಣಕ್ಕೆ ಕುತ್ತು ತರದಂಥದ್ದು. ಆಮೇಲೆ ಮೀಟರ್ ಇಟ್ಟು ನೋಡಿ: ಇಗ್ನಿಷನ್ ಆನ್ ಇದ್ದಾಗ 12 ವೋಲ್ಟ್ ಬರಬೇಕು, ಆಫ್ ಮಾಡಿದಾಗ ಸೊನ್ನೆಗೆ ಇಳಿಯಬೇಕು. ತಕ್ಷಣ ಇಳಿಯದಿದ್ದರೆ ಗಾಬರಿ ಬೇಡ, ಕೆಲವು ಸರ್ಕ್ಯೂಟ್‌ಗಳು ಕಾರು ಆಫ್ ಆದ ಮೇಲೂ ಸ್ವಲ್ಪ ಹೊತ್ತು ಜೀವಂತ ಇರುತ್ತವೆ. ಬಾಗಿಲು ತೆರೆದು ಹಾಕಿ, ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ. ಆಗಲೂ 12 ತೋರಿಸಿದರೆ ಅದು ಸದಾ ಕರೆಂಟ್ ಇರುವ ಫ್ಯೂಸ್, ನಿಮಗೆ ಬೇಡ. ಕಾಲು ಆಂಪ್ ಅಂದರೆ ಸಣ್ಣದು ಅನ್ನಿಸುತ್ತದೆ ಅಲ್ವಾ, ಆದರೆ 24 ಗಂಟೆಗೆ 6 ಆಂಪ್-ಅವರ್ ಆಗುತ್ತದೆ. ಕಾರನ್ನು ಏರ್‌ಪೋರ್ಟ್ ಪಾರ್ಕಿಂಗಿನಲ್ಲಿ ಬಿಟ್ಟು ಊರಿಗೆ ಬಂದು ಹೋಗುವಷ್ಟರಲ್ಲಿ ಬ್ಯಾಟರಿ ಸತ್ತಿರುತ್ತದೆ.

ಫ್ಯೂಸ್ ಟ್ಯಾಪ್‌ನಲ್ಲಿ ಫ್ಯೂಸ್ ಕೂರಿಸುವ ಎರಡು ಮನೆ ಇರುತ್ತವೆ. ಕಾಲುಗಳ ಹತ್ತಿರದ ಮನೆಗೆ ಕಾರಿನ ಮೂಲ ಫ್ಯೂಸ್, ಮೇಲಿನದಕ್ಕೆ ನಿಮ್ಮ 2 ಆಂಪಿನದು. ಕೊಳ್ಳುವ ಮೊದಲು ನಿಮ್ಮ ಫ್ಯೂಸ್ ಒಂದನ್ನು ಕಿತ್ತು ಅಂಗಡಿಗೆ ಒಯ್ಯಿರಿ. ಮಿನಿ, ಲೋ ಪ್ರೊಫೈಲ್ ಮಿನಿ, ಮೈಕ್ರೋ 2 ಅಂತ ಅಳತೆಗಳು ಬೇರೆ ಬೇರೆ, ಒತ್ತಿ ಕೂರಿಸಿದರೆ ಮನೆಯ ಹಿಡಿತ ಸಡಿಲವಾಗಿ ಮುಂದೆ ಬಿಸಿಯಾಗುತ್ತದೆ.

ಈ ಟ್ಯಾಪನ್ನು ಎರಡು ದಿಕ್ಕಿನಲ್ಲೂ ಹಾಕಬಹುದು, ಎರಡರಲ್ಲೂ ಡಿಟೆಕ್ಟರ್ ಕೆಲಸ ಮಾಡುತ್ತದೆ, ಹಾಗಾಗಿ ತಿರುಗುಮುರುಗಾಗಿದ್ದು ಯಾರಿಗೂ ಗೊತ್ತಾಗುವುದೇ ಇಲ್ಲ. ಸರಿಯಾಗಿ ಕೂತರೆ ನಿಮ್ಮ ಕರೆಂಟ್ ನಿಮ್ಮ ಫ್ಯೂಸಿನಿಂದ ಮಾತ್ರ ಹಾದು ಹೋಗುತ್ತದೆ. ಉಲ್ಟಾ ಆದರೆ ಮೂಲ ಫ್ಯೂಸಿನ ಮೇಲೂ ಭಾರ ಬೀಳುತ್ತದೆ. ಡಿಟೆಕ್ಟರ್ ಮಟ್ಟಿಗೆ ಇದರಿಂದ ದೊಡ್ಡ ನಷ್ಟ ಇಲ್ಲ ನಿಜ, ಆದರೂ ಒಂದು ನಿಮಿಷದ ಪರೀಕ್ಷೆ ಇರುವಾಗ ಯಾಕೆ ಬಿಡಬೇಕು? ಮೂಲ ಫ್ಯೂಸ್ ಹಾಕದೆ ನಿಮ್ಮ ಫ್ಯೂಸ್ ಒಂದನ್ನೇ ಇಟ್ಟು ಟ್ಯಾಪ್ ಕೂರಿಸಿ, ಇಗ್ನಿಷನ್ ಆನ್ ಮಾಡಿ. ಡಿಟೆಕ್ಟರ್ ಹೊತ್ತಿಕೊಂಡರೆ ದಿಕ್ಕು ಸರಿ. ಇಲ್ಲದಿದ್ದರೆ ಆಫ್ ಮಾಡಿ, ತಿರುಗಿಸಿ ಹಾಕಿ. ಆಮೇಲೆ ಮೂಲ ಫ್ಯೂಸ್ ಸೇರಿಸಿ.

ಅರ್ತ್ ವೈರನ್ನು ಕಾರಿನ ಬಾಡಿಗೆ ಸೇರಿದ ಲೋಹದ ಬೋಲ್ಟಿಗೆ ಕಟ್ಟಿ. ಪೇಂಟ್ ಮೇಲೆ ಕಟ್ಟಿದರೆ ಡಿಟೆಕ್ಟರ್ ಒಮ್ಮೆ ಬರುತ್ತದೆ, ಒಮ್ಮೆ ಹೋಗುತ್ತದೆ, ನೀವು ಡಿಟೆಕ್ಟರನ್ನೇ ಬೈಯುತ್ತೀರಿ. ಏರ್‌ಬ್ಯಾಗ್ ಭಾಗಗಳನ್ನು ಹಿಡಿದ ಬೋಲ್ಟ್ ಆಗಿರಬಾರದು ಅಷ್ಟೇ.

ಈಗ ನಿಮ್ಮ ಭಯದ ವಿಷಯ. ಮುಂದಿನ ಗಾಜಿನ ಪಕ್ಕದ ಕಂಬದೊಳಗೆ ಕರ್ಟನ್ ಏರ್‌ಬ್ಯಾಗ್ ಇರುತ್ತದೆ. ವೈರ್ ಅದರ ಹಿಂದಿನಿಂದ ಹೋಗಬೇಕು, ಮೊದಲೇ ಇರುವ ವೈರ್ ಕಟ್ಟಿನ ಜೊತೆ ಟೈ ಹಾಕಿ ಬಿಗಿದಿರಬೇಕು. ಮುಂದಿನಿಂದ ಎಳೆದರೆ ಏರ್‌ಬ್ಯಾಗ್ ತೆರೆಯುವಾಗ ಅಡ್ಡ ಬರುತ್ತದೆ, ವೈರ್ ಹಾರಿ ಮುಖಕ್ಕೂ ಬಡಿಯಬಹುದು. ಕಂಬದ ಪ್ಲಾಸ್ಟಿಕ್ ಮುಚ್ಚಳ ತೆಗೆದು ಕಣ್ಣಿಂದ ನೋಡಿಯೇ ಮಾಡಿ. ಅದಕ್ಕೆ ಧೈರ್ಯ ಬರದಿದ್ದರೆ ಆ ಭಾಗಕ್ಕೆ ಮಾತ್ರ ಅಂಗಡಿಯವರಿಗೆ ದುಡ್ಡು ಕೊಡಿ, ಅದರಲ್ಲಿ ನಾಚಿಕೆ ಏನಿಲ್ಲ.

ನನ್ನನ್ನು ಕೇಳಿದರೆ ಇದಕ್ಕಿಂತ ಸುಲಭದ ದಾರಿಯೂ ಇದೆ. ನಿಮ್ಮ ಒಳಗನ್ನಡಿ ರಾತ್ರಿ ತಾನೇ ಮಬ್ಬಾಗುವ ಥರದ್ದಾಗಿದ್ದರೆ ಅದಕ್ಕೆ ಆಗಲೇ ಕರೆಂಟ್ ಬಂದಿರುತ್ತದೆ. ಅಲ್ಲಿಂದ ತೆಗೆಯುವ ಗಿಡ್ಡ ವೈರಿನ ಕಿಟ್ ಸಿಗುತ್ತದೆ, ಕಂಬದ ಗೊಡವೆಯೇ ಇಲ್ಲ. ಒಂದೇ ಎಚ್ಚರ: ಆ ಕನ್ನಡಿಗೆ ರಿವರ್ಸ್ ಗೇರ್ ಹಾಕಿದಾಗ ಮಾತ್ರ ಕರೆಂಟ್ ಬರುವ ಒಂದು ವೈರ್ ಕೂಡ ಇರುತ್ತದೆ. ಅದನ್ನು ಹಿಡಿದರೆ ಕಾರು ಹಿಂದಕ್ಕೆ ಹೋಗುವಾಗ ಮಾತ್ರ ಡಿಟೆಕ್ಟರ್ ಪಹರೆ ಕಾಯುತ್ತದೆ.

ಇನ್ನೊಂದು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನ್ಯೂಜೆರ್ಸಿಯಲ್ಲಿ ಖಾಸಗಿ ಕಾರಿಗೆ ಡಿಟೆಕ್ಟರ್ ಇಡಬಹುದು. ಆದರೆ ದಕ್ಷಿಣಕ್ಕೆ ಹೊರಟರೆ ವಾಷಿಂಗ್ಟನ್ ಡಿ.ಸಿ. ಮತ್ತು ವರ್ಜೀನಿಯಾದಲ್ಲಿ ನಿಷೇಧ. ಉತ್ತರಕ್ಕೆ ಟೊರೊಂಟೊ ನೆಂಟರ ಮನೆಗೆ ಹೊರಟರೆ ಒಂಟಾರಿಯೊದಲ್ಲಿ ಅದು ಕಾರಿನೊಳಗೆ ಇರುವುದೇ ತಪ್ಪು, ಆಫ್ ಆಗಿದ್ದರೂ ಸರಿ, ಡಿಕ್ಕಿಯಲ್ಲಿದ್ದರೂ ಸರಿ. ಆದ್ದರಿಂದ ವೈರ್ ಒಳಗೆ ಖಾಯಂ ಇರಲಿ, ಡಿಟೆಕ್ಟರ್ ಮಾತ್ರ ಪಿನ್ ಕಿತ್ತು ಮನೆಯಲ್ಲಿ ಬಿಟ್ಟು ಹೋಗುವ ಹಾಗಿರಲಿ.

ಪ್ರಶ್ನೆ: ಡಲ್ಲಾಸ್‌ನಲ್ಲಿದ್ದೇನೆ. ಡಿಟೆಕ್ಟರನ್ನು ನೇರ ವೈರಿಂಗ್ ಮಾಡಿಸಿದ ಮೇಲೆ ಹೈವೇಯಲ್ಲಿ ಕೆ ಬ್ಯಾಂಡ್ ಅಂತ ಸುಮ್ನೆ ಕೂಗುತ್ತಲೇ ಇರುತ್ತದೆ. ವೈರಿಂಗ್ ಕೆಟ್ಟಿದೆಯಾ?

ಉತ್ತರ: ಇಲ್ಲ. ಮೊದಲೂ ಕೂಗುತ್ತಿತ್ತು, ಆಗ ನೀವು ಪಿನ್ ಕಿತ್ತಿಡುತ್ತಿದ್ದಿರಿ ಅನ್ನಿಸುತ್ತದೆ. ಬ್ಯಾಂಡ್ ಅಂದರೆ ರೇಡಾರ್ ಕೆಲಸ ಮಾಡುವ ತರಂಗಗಳ ಒಂದು ಪಟ್ಟಿ. ಪೊಲೀಸರು ವೇಗ ಅಳೆಯುವ ಕೆ ಬ್ಯಾಂಡ್ ಗನ್ ಇರುವುದು 24 ಗಿಗಾಹರ್ಟ್ಸ್ ಸುತ್ತ. ಪಕ್ಕದ ಕಾರಿನ ಬ್ಲೈಂಡ್ ಸ್ಪಾಟ್ ಸೆನ್ಸರ್‌ಗಳಲ್ಲಿ ಬಹಳಷ್ಟು ಅದೇ ಜಾಗದಲ್ಲಿ ಕೆಲಸ ಮಾಡುತ್ತವೆ, ಅಂಗಡಿಗಳ ತಾನೇ ತೆರೆಯುವ ಬಾಗಿಲೂ ಅಷ್ಟೇ. ಡಿಟೆಕ್ಟರ್ ಸಾಫ್ಟ್‌ವೇರ್ ಹೊಸದು ಮಾಡಿ, ಫಿಲ್ಟರ್ ಆನ್ ಮಾಡಿ. ಕೆಎ ಬ್ಯಾಂಡ್, ಅಂದರೆ 33.4ರಿಂದ 36 ಗಿಗಾಹರ್ಟ್ಸ್‌ನಲ್ಲಿ ಕೂಗಿದರೆ ಮಾತ್ರ ಗಂಭೀರವಾಗಿ ತೆಗೆದುಕೊಳ್ಳಿ, ಅಲ್ಲಿ ಪೊಲೀಸರನ್ನು ಬಿಟ್ಟರೆ ಬೇರೆ ಗದ್ದಲ ಕಮ್ಮಿ.

ಪ್ರಶ್ನೆ: ಬೆಂಗಳೂರಿನ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ನಮ್ಮ ಸಣ್ಣ ಕಾರು ನಿಲ್ಲುತ್ತದೆ, ಶನಿವಾರ ಭಾನುವಾರ ಮಾತ್ರ ಓಡಾಟ. ಪಾರ್ಕಿಂಗ್ ಮೋಡ್ (ಕಾರು ನಿಂತಾಗಲೂ ಕಾವಲು ಕಾಯುವ ವ್ಯವಸ್ಥೆ) ಇರುವ ಡ್ಯಾಶ್‌ಕ್ಯಾಮ್ ಹಾಕಿಸಿದ ಮೇಲೆ ಬ್ಯಾಟರಿ ಪದೇ ಪದೇ ಡೌನ್ ಆಗುತ್ತಿದೆ. ಅಂಗಡಿಯವರು ಬ್ಯಾಟರಿ ಬದಲಿಸಿ ಅಂತಾರೆ.

ಉತ್ತರ: ಬ್ಯಾಟರಿ ಬದಲಿಸಿದರೆ ಹೊಸ ಬ್ಯಾಟರಿ ಡೌನ್ ಆಗುತ್ತದೆ. ಡ್ಯಾಶ್‌ಕ್ಯಾಮ್ ಕಿಟ್‌ನಲ್ಲಿ ಸಾಮಾನ್ಯವಾಗಿ ಮೂರು ವೈರ್: ಹಳದಿ ಸದಾ ಕರೆಂಟಿಗೆ, ಕೆಂಪು ಇಗ್ನಿಷನ್ನಿಗೆ, ಕಪ್ಪು ಅರ್ತ್. ಹಳದಿ ಕೆಂಪು ಎರಡನ್ನೂ ಸದಾ ಕರೆಂಟ್ ಇರುವ ಒಂದೇ ಫ್ಯೂಸಿಗೆ ಸೇರಿಸಿ ಕೈ ತೊಳೆದುಕೊಳ್ಳುವವರಿದ್ದಾರೆ. ಆಗ ಕಾರು ನಿಂತಿದೆ ಅಂತ ಕ್ಯಾಮೆರಾಗೆ ಗೊತ್ತೇ ಆಗುವುದಿಲ್ಲ, ಹಗಲು ರಾತ್ರಿ ಪೂರ್ತಿ ರೆಕಾರ್ಡ್ ಮಾಡುತ್ತದೆ. ಮೊದಲು ಇದನ್ನು ನೋಡಿಸಿ.

ವೈರ್ ಸರಿ ಇದ್ದರೆ ಕಿಟ್‌ನ ಕಟ್‌ಆಫ್ ವೋಲ್ಟೇಜ್ ನೋಡಿ, ಅಂದರೆ ಬ್ಯಾಟರಿ ಎಷ್ಟಕ್ಕೆ ಇಳಿದಾಗ ಕ್ಯಾಮೆರಾ ಆಫ್ ಆಗಬೇಕು ಅನ್ನುವ ಮಿತಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ ನಿಂತಲ್ಲಿ 12.6 ವೋಲ್ಟ್ ತೋರಿಸುತ್ತದೆ, 12.2ಕ್ಕೆ ಬಂದರೆ ಅರ್ಧ ಖಾಲಿ. ನಿಮ್ಮದು 11.6ಕ್ಕೆ ಇಟ್ಟಿದ್ದರೆ ಕ್ಯಾಮೆರಾ ಆಫ್ ಆಗುವ ಹೊತ್ತಿಗೆ ಸ್ಟಾರ್ಟ್ ಮಾಡಲು ಏನೂ ಉಳಿದಿರುವುದಿಲ್ಲ. 12.2ಕ್ಕಿಂತ ಮೇಲೆ ಇಡಿ. ಆದರೂ ಐದು ದಿನ ನಿಂತು ವಾರಾಂತ್ಯದಲ್ಲಿ ಮಾಲ್‌ಗೆ ಹೋಗಿ ಬರುವ ಕಾರಿನಲ್ಲಿ ಬ್ಯಾಟರಿ ಮತ್ತೆ ತುಂಬುವುದೇ ಇಲ್ಲ, ಆ ಟ್ರಾಫಿಕ್‌ನಲ್ಲಂತೂ. ಬೇಸ್‌ಮೆಂಟಿನಲ್ಲಿ ಸಿಸಿಟಿವಿ ಇದ್ದರೆ ಪಾರ್ಕಿಂಗ್ ಮೋಡ್ ಬಿಟ್ಟುಬಿಡಿ, ಹಳದಿ ವೈರನ್ನೂ ಇಗ್ನಿಷನ್ ಫ್ಯೂಸಿಗೇ ಕೊಡಿ. ಅಂದಹಾಗೆ, ಕಿಟ್ ಬೇಡ ಅಂತ ಯಾರಾದರೂ ಲೈಟರ್ ಪಿನ್ ಕತ್ತರಿಸಿ ನೇರ ಜೋಡಿಸಲು ಬಂದರೆ ತಡೆಯಿರಿ. ಬಹಳಷ್ಟು ಕ್ಯಾಮೆರಾಗಳಿಗೆ ಬೇಕಾದದ್ದು 5 ವೋಲ್ಟ್, 12ನ್ನು 5ಕ್ಕೆ ಇಳಿಸುವ ಸರ್ಕ್ಯೂಟ್ ಆ ಪಿನ್ನಿನೊಳಗೇ ಇರುತ್ತದೆ.

ಪ್ರಶ್ನೆ: ಮೈಸೂರಿನಿಂದ. ಭಾವ ಅಮೆರಿಕದಿಂದ ಬರುವಾಗ ರೇಡಾರ್ ಡಿಟೆಕ್ಟರ್ ತರುತ್ತೇನೆ ಅಂದಿದ್ದಾರೆ. ಬೆಂಗಳೂರು–ಮೈಸೂರು ರಸ್ತೆಗೆ ಉಪಯೋಗ ಆಗುತ್ತಾ?

ಉತ್ತರ: ಆಗುವುದಿಲ್ಲ. ನಮ್ಮಲ್ಲಿ ಇಂಟರ್‌ಸೆಪ್ಟರ್ ಗಾಡಿಯವರು, ಅಂದರೆ ರಸ್ತೆ ಬದಿ ನಿಂತು ವೇಗ ಅಳೆಯುವ ಪೊಲೀಸರು, ಸಾಮಾನ್ಯವಾಗಿ ಹಿಡಿಯುವುದು ಲೇಸರ್ ಗನ್. ಅದರ ಕಿರಣ ಬಹಳ ತೆಳು, ನೇರ ನಿಮ್ಮ ಕಾರಿಗೇ ಗುರಿ ಇಡುತ್ತಾರೆ. ಡಿಟೆಕ್ಟರ್ ಕೂಗುವಷ್ಟರಲ್ಲಿ ನಿಮ್ಮ ವೇಗ ಅವರ ಪರದೆಯ ಮೇಲೆ ಬಂದಾಗಿರುತ್ತದೆ. ಜೊತೆಗೆ ಆ ರಸ್ತೆಯಲ್ಲಿ ನಂಬರ್ ಪ್ಲೇಟ್ ಓದುವ ಕ್ಯಾಮೆರಾಗಳಿವೆ. ಅಲ್ಲಿ ಕಾರಿಗೆ ಮಿತಿ ಗಂಟೆಗೆ 100 ಕಿಲೋಮೀಟರ್, 130 ದಾಟಿದರೆ 2024ರ ಆಗಸ್ಟ್‌ನಿಂದ ಎಫ್‌ಐಆರ್. ಭಾವನಿಗೆ ಏನಾದರೂ ತರಲು ಹೇಳಲೇಬೇಕಿದ್ದರೆ ಒಂದು ಒಳ್ಳೆಯ ಟೈರ್ ಪ್ರೆಶರ್ ಗೇಜ್ ಹೇಳಿ. ಅಲ್ಲೂ ಪಿಎಸ್‌ಐ ಲೆಕ್ಕವೇ, ಹಾಗೇ ಬಳಸಬಹುದು.