ಬಾಗಿ ಬೀಳುವ ಅಕಿಲಿಯ ಗಿಡ: ಎಲ್ಲಿ, ಯಾವಾಗ ಸವರಬೇಕು?

ಪ್ರಶ್ನೆ: ನಾವು ಅಮೆರಿಕದ ಒಹಾಯೊದಲ್ಲಿ ವಾಸವಾಗಿದ್ದೇವೆ. ನಾಲ್ಕು ವರ್ಷಗಳ ಹಿಂದೆ ನರ್ಸರಿಯಿಂದ ತಂದು ನೆಟ್ಟ ಅಕಿಲಿಯ (ಇಲ್ಲಿ ಇದನ್ನು ‘ಯಾರೋ’ ಎನ್ನುತ್ತಾರೆ) ಈಗ ಸೊಂಟದೆತ್ತರ ಬೆಳೆದು, ಜೂನ್ ತಿಂಗಳ ಒಂದು ಜೋರು ಮಳೆಗೇ ನೆಲಕ್ಕೆ ಮಲಗುತ್ತದೆ. ಮೊದಲ ಹೂ ಕಂದಿದ ಮೇಲೆ ಮತ್ತೆ ಹೂ ಬರುವುದಿಲ್ಲ, ಗುಂಪಿನ ನಡುಭಾಗವೂ ಬರಿದಾಗಿದೆ. ಪ್ರತಿ ವಸಂತದಲ್ಲಿ ಕಾಂಪೋಸ್ಟ್ ಹಾಕಿ ದಿನವೂ ನೀರು ಕೊಡುತ್ತೇನೆ. ಕತ್ತರಿಸಲು ಮಾತ್ರ ಮನಸ್ಸು ಬರುತ್ತಿಲ್ಲ.

ಉತ್ತರ: ನೀವು ಬರೆದಿರುವ ಲಕ್ಷಣಗಳಲ್ಲಿ ರೋಗದ ಸುಳಿವಿಲ್ಲ, ಗಿಡಕ್ಕೆ ಆರೈಕೆ ಅತಿಯಾಗಿದೆ, ಕತ್ತರಿ ಕಡಿಮೆಯಾಗಿದೆ. ಹುಲ್ಲುಗಾವಲುಗಳಲ್ಲಿಯೂ ರಸ್ತೆಬದಿಯ ಸತ್ವವಿಲ್ಲದ ಮಣ್ಣಿನಲ್ಲಿಯೂ ತಾನೇ ತಾನಾಗಿ ಬೆಳೆಯುವ ಈ ಗಿಡಕ್ಕೆ, ನಾವು ಗುಲಾಬಿಗೆ ಮಾಡುವಂತೆ ಗೊಬ್ಬರ ಹಾಕಿ ನೀರುಣಿಸಿದರೆ ಕಾಂಡ ಮೆತ್ತಗಾಗಿ ಉದ್ದಕ್ಕೆ ಏರುತ್ತದೆ, ಮಳೆನೀರು ಹಿಡಿದ ಚಪ್ಪಟೆ ಹೂಗೊಂಚಲಿನ ಭಾರವನ್ನು ತಡೆಯಲಾರದೆ ಮುರಿದು ಬೀಳುತ್ತದೆ. ಆದ್ದರಿಂದ ಕಾಂಪೋಸ್ಟ್ ನಿಲ್ಲಿಸಿ. ಬೇರೂರಿದ ಗಿಡಕ್ಕೆ ದೀರ್ಘ ಕಾಲ ಮಳೆ ಬಾರದಿದ್ದಾಗ ಮಾತ್ರ ನೀರು ಸಾಕು. ಬಿಸಿಲು ಮಾತ್ರ ದಿನಕ್ಕೆ ಕನಿಷ್ಠ 6 ಗಂಟೆ ಬೀಳಲೇಬೇಕು.

ಸವರುವ ಮೊದಲ ಸಂದರ್ಭ ಮೇ ಕೊನೆಯ ಭಾಗ. ಮೊಗ್ಗು ಕಾಣಿಸಿಕೊಳ್ಳುವ ಮೊದಲು, ಗಿಡ ಸುಮಾರು ಒಂದಡಿ ಬೆಳೆದಿರುವಾಗ, ಪ್ರತಿ ಕಾಂಡದ ಮೇಲಿನ ಮೂರನೇ ಒಂದು ಭಾಗವನ್ನು ಕತ್ತರಿಸಿ. ನಮ್ಮ ಕಡೆ ಸೇವಂತಿಗೆಯ ಕುಡಿ ಚಿವುಟಿದಾಗ ಪಕ್ಕದ ಕವಲು ಒಡೆದು ಗಿಡ ಪೊದೆಯಾಗುವುದನ್ನು ನೀವು ನೋಡಿರಬಹುದು. ಅಕಿಲಿಯವೂ ಅದೇ ಕುಟುಂಬದ್ದು, ಅದರ ವರ್ತನೆಯೂ ಹಾಗೆಯೇ. ಹೂ ಕೆಲವು ವಾರ ತಡವಾಗಿ ಬರುತ್ತದೆ, ಆದರೆ ಗಿಡ ಗಿಡ್ಡವಾಗಿ, ಗಟ್ಟಿಯಾಗಿ, ಊರುಗೋಲಿಲ್ಲದೆ ನಿಲ್ಲುತ್ತದೆ. ಈ ಒಂದು ಕೆಲಸವನ್ನು ಮಾತ್ರ ದಯವಿಟ್ಟು ತಪ್ಪಿಸಬೇಡಿ.

ಎರಡನೆಯದು ಹೂ ಕಂದಿದಾಗಿನ ಸವರುವಿಕೆ. ಒಣಗಿದ ಗೊಂಚಲನ್ನಷ್ಟೇ ಚಿವುಟಿದರೆ ಮೇಲೆ ಬರಿಯ ಕಡ್ಡಿ ಉಳಿಯುತ್ತದೆ. ಕಾಂಡದಲ್ಲಿ ಕೆಳಗಿಳಿಯುತ್ತ ಹೋಗಿ, ಎಲೆಯ ಕಂಕುಳಲ್ಲಿ ಚಿಕ್ಕ ಮೊಗ್ಗು ಅಥವಾ ಚಿಗುರು ಕಂಡಲ್ಲಿ ಅದರ ಮೇಲಕ್ಕೇ ಕತ್ತರಿಸಿ. ಎರಡನೆಯ ಸುತ್ತಿನ ಹೂ ಬರುವುದು ಅಲ್ಲಿಂದಲೇ. ಆ ಪಕ್ಕದ ಹೂಗಳೂ ಮುಗಿದ ಮೇಲೆ ಇಡೀ ಕಾಂಡವನ್ನು ಬುಡದ ಎಲೆಗಳವರೆಗೆ ತೆಗೆಯಿರಿ. ಬುಡದ ಹಸಿರು ಎಲೆಗಳನ್ನು ಮಾತ್ರ ಮುಟ್ಟಬೇಡಿ. ಬೀಜ ಉದುರುವ ಮೊದಲು ಹೀಗೆ ಮಾಡಿದರೆ, ಬೇಡದ ಕಡೆಗಳಲ್ಲಿ ಸಸಿ ಏಳುವುದೂ ತಪ್ಪುತ್ತದೆ.

ನಡುಭಾಗ ಬರಿದಾಗಿರುವುದು ವಯಸ್ಸಿನಿಂದ. ಈ ಗಿಡದ ಕಾಂಡ ಗರಿಕೆಯಂತೆ ನೆಲದಡಿಯಲ್ಲಿ ಹೊರಮುಖವಾಗಿ ಹರಡುವುದರಿಂದ ಎಳೆಯ ಬುಡಗಳೆಲ್ಲ ಅಂಚಿನಲ್ಲಿರುತ್ತವೆ. ಎರಡು ಮೂರು ವರ್ಷಗಳಿಗೊಮ್ಮೆ, ವಸಂತದ ಆರಂಭದಲ್ಲಿ, ಇಡೀ ಗುಂಪನ್ನು ಅಗೆದು ತೆಗೆದು, ಒಣಗಿದ ನಡುಭಾಗವನ್ನು ಎಸೆದು, ಬೇರು ಮತ್ತು ಚಿಗುರು ಎರಡೂ ಇರುವ ಅಂಚಿನ ತುಂಡುಗಳನ್ನು ಒಂದೂವರೆ ಅಡಿ ಅಂತರದಲ್ಲಿ ನೆಡಿ. ಇಷ್ಟು ಅಂತರವಿದ್ದರೆ ಗಾಳಿಯಾಡುತ್ತದೆ, ಎಲೆಗಳ ಮೇಲೆ ಬೂದಿ ರೋಗ ಬರುವುದೂ ಕಡಿಮೆ. ಹೊಸದಾಗಿ ನೆಟ್ಟ ತುಂಡುಗಳಿಗೆ ಮಾತ್ರ ಬೇರು ಹಿಡಿಯುವವರೆಗೆ ನೀರು ಬೇಕು. ನಿಮ್ಮದು ಜಿಗುಟು ಮಣ್ಣಾದರೆ ಪಾತಿಯನ್ನು ಸ್ವಲ್ಪ ಎತ್ತರಿಸಿ. ಈ ಗಿಡ ಚಳಿಯನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ, ಚಳಿಗಾಲದಲ್ಲಿ ಬುಡದಲ್ಲಿ ನಿಲ್ಲುವ ನೀರನ್ನು ತಾಳಿಕೊಳ್ಳುವುದಿಲ್ಲ.

ಕತ್ತರಿಸುವಾಗ ಕೈಗವಸು ಹಾಕಿಕೊಳ್ಳಿ, ಏಕೆಂದರೆ ಇದರ ರಸ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ. ನಾಯಿ ಬೆಕ್ಕುಗಳಿಗೂ ಇದು ವಿಷಕಾರಿಯಾದ್ದರಿಂದ, ಅವು ಮನೆಯಲ್ಲಿದ್ದರೆ ಕತ್ತರಿಸಿದ ತುಂಡುಗಳನ್ನು ಅಂಗಳದಲ್ಲಿ ಬಿಡದೆ ಆಗಲೇ ತೆಗೆದುಹಾಕಿ.